ನಾಲ್ಕು ವಾರದ ಬಿಳಿ ಕೋಟು

ಡೆಟ್ರಾಯಿಟ್ ನಗರದ ಹೊರವಲಯದ ಒಂದು ಸಮುದಾಯ ಆಸ್ಪತ್ರೆಯಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದೆ. ವೈದ್ಯಳಲ್ಲ, ನರ್ಸೂ ಅಲ್ಲ. ಹಾಸನದಲ್ಲಿ ಬಿ.ಕಾಂ. ಮುಗಿಸಿ, ಕಾರು ಕಂಪನಿಯ ಎಂಜಿನಿಯರನ್ನು ಮದುವೆಯಾಗಿ ಮಿಷಿಗನ್ನಿಗೆ ಬಂದಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಆ ಆಸ್ಪತ್ರೆಯ ವೈದ್ಯಕೀಯ ಶಿಕ್ಷಣ ಕಚೇರಿಯಲ್ಲಿ ಒಂದು ಮೇಜು, ಒಂದು ಫೋನು, ಒಂದು ಫ್ಯಾಕ್ಸ್ ಯಂತ್ರ ನನ್ನ ಪಾಲಿಗೆ ಬಂದವು. ಯಾವ ವಿದ್ಯಾರ್ಥಿ ಯಾವ ತಿಂಗಳು ಯಾವ ವಾರ್ಡಿನಲ್ಲಿ, ಯಾವ ವೈದ್ಯರ ಕೈಕೆಳಗೆ ಇರಬೇಕು ಎಂದು ಗೊತ್ತುಮಾಡುವುದು ಅಲ್ಲಿನ ಕೆಲಸ. ಅದಕ್ಕೆ ರೊಟೇಶನ್ ಎನ್ನುತ್ತಾರೆ. ಸ್ಥಳೀಯ ಕಾಲೇಜುಗಳ ಹುಡುಗರ ಪಟ್ಟಿ ಮಾಡುವುದು ಸುಲಭವಾಗಿತ್ತು. ಕಾಲೇಜಿಗೂ ಆಸ್ಪತ್ರೆಗೂ ಮೊದಲೇ ಒಪ್ಪಂದ ಇರುತ್ತಿತ್ತು. ಹೊರದೇಶದವರ ಅರ್ಜಿಗಳದ್ದು ಬೇರೆಯೇ ರಾಶಿ, ಅದನ್ನು ಮುಟ್ಟುವವರು ಯಾರೂ ಇರಲಿಲ್ಲ. ಭಾರತದ ಹೆಸರುಗಳನ್ನು ಸರಿಯಾಗಿ ಓದಬಲ್ಲವಳು ನಾನೊಬ್ಬಳೇ ಎಂಬ ಕಾರಣಕ್ಕೆ ಆ ರಾಶಿ ನನ್ನ ಮೇಜಿಗೆ ಬಂತು. ನಾನು ನಿವೃತ್ತಳಾಗುವವರೆಗೂ ಅಲ್ಲೇ ಇತ್ತು.

ಆ ರಾಶಿ ಯಾಕೆ ಬೆಳೆಯುತ್ತಿತ್ತು ಎಂದು ಮೊದಲು ಹೇಳಬೇಕು. ನಮ್ಮಲ್ಲಿ ಎಂ.ಬಿ.ಬಿ.ಎಸ್. ಮಾಡಿದವರು, ಎಷ್ಟೋ ಸಲ ಎಂ.ಡಿ. ಮುಗಿಸಿ ಬಂದವರು ಕೂಡ, ಅಮೆರಿಕದಲ್ಲಿ ವೈದ್ಯವೃತ್ತಿ ಮಾಡಬೇಕಾದರೆ ಸಾಮಾನ್ಯವಾಗಿ ಇಲ್ಲಿನ ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿಯನ್ನು ಮೊದಲಿನಿಂದ ಮಾಡಬೇಕು. ಅದಕ್ಕೆ ಯುಎಸ್‌ಎಂಎಲ್‌ಇ ಪರೀಕ್ಷೆಗಳನ್ನು ಪಾಸು ಮಾಡಬೇಕು, ಫಿಲಡೆಲ್ಫಿಯಾದ ಇಸಿಎಫ್‌ಎಂಜಿ ಸಂಸ್ಥೆಯಿಂದ ಪ್ರಮಾಣಪತ್ರ ಪಡೆಯಬೇಕು. ಸೆಪ್ಟೆಂಬರಿನಲ್ಲಿ ಅರ್ಜಿ, ಚಳಿಗಾಲದುದ್ದಕ್ಕೂ ಸಂದರ್ಶನ, ಮಾರ್ಚ್ ತಿಂಗಳ ಮೂರನೆಯ ವಾರ ಮ್ಯಾಚ್. ಅಭ್ಯರ್ಥಿಗಳ ಇಷ್ಟದ ಪಟ್ಟಿಯನ್ನೂ ಆಸ್ಪತ್ರೆಗಳ ಇಷ್ಟದ ಪಟ್ಟಿಯನ್ನೂ ತಾಳೆಹಾಕಿ ಸೀಟು ಹಂಚುವ ಈ ಪದ್ಧತಿ 1952ರಿಂದ ನಡೆದುಬಂದಿದೆ. ಸೀಟು ಸಿಕ್ಕಿತೋ ಇಲ್ಲವೋ ಎಂಬುದು ಸೋಮವಾರ ಗೊತ್ತಾಗುತ್ತದೆ, ಯಾವ ಊರಿನಲ್ಲಿ ಎಂಬುದು ಶುಕ್ರವಾರ. ಅರ್ಜಿಯ ಜೊತೆ ಮೂರು ನಾಲ್ಕು ಶಿಫಾರಸು ಪತ್ರಗಳು ಬೇಕು, ಅವು ಅಮೆರಿಕದ ವೈದ್ಯರು ಬರೆದವಾದರೆ ತೂಕ ಜಾಸ್ತಿ. ನೋಡದೆ, ಜೊತೆಯಲ್ಲಿ ನಿಲ್ಲಿಸಿಕೊಳ್ಳದೆ ಯಾವ ವೈದ್ಯರು ಪತ್ರ ಬರೆದುಕೊಡುತ್ತಾರೆ? ಹಾಗಾಗಿ ಎಲ್ಲರಿಗೂ ನಾಲ್ಕು ವಾರದ ಒಂದು ಜಾಗ ಬೇಕು, ಅದೂ ಮೇ ತಿಂಗಳಿಂದ ಆಗಸ್ಟಿನೊಳಗೆ.

ಈ ಜಾಗದಲ್ಲಿ ಎರಡು ಬಗೆ. ಓದು ಇನ್ನೂ ಮುಗಿಯದ ವಿದ್ಯಾರ್ಥಿಯಾದರೆ ತನ್ನ ಕಾಲೇಜಿನ ಪತ್ರ ತಂದು ಎಲೆಕ್ಟಿವ್ ಮಾಡಬಹುದು. ರೋಗಿಯ ಜೊತೆ ಮಾತಾಡಿ ವಿವರ ಕೇಳಬಹುದು, ಪರೀಕ್ಷೆ ಮಾಡಬಹುದು, ರೌಂಡ್ಸಿನಲ್ಲಿ ನಿಂತು ಕೇಸು ಒಪ್ಪಿಸಬಹುದು. ಪದವಿ ಕೈಗೆ ಬಂತೋ, ಅದೇ ವ್ಯಕ್ತಿಗೆ ಅಬ್ಸರ್ವರ್‌ಶಿಪ್ ಮಾತ್ರ. ಅಂದರೆ ನಿಂತು ನೋಡಬಹುದು. ರೋಗಿಯನ್ನು ಮುಟ್ಟುವಂತಿಲ್ಲ, ಕೇಸ್ ಶೀಟಿನಲ್ಲಿ ಒಂದಕ್ಷರ ಬರೆಯುವಂತಿಲ್ಲ. ಬಳ್ಳಾರಿಯಲ್ಲೋ ಹುಬ್ಬಳ್ಳಿಯಲ್ಲೋ ಹೌಸ್ ಸರ್ಜನ್ಸಿಯಲ್ಲಿ ರಾತ್ರಿಯಿಡೀ ಹೆರಿಗೆ ಮಾಡಿಸಿ ಬಂದವರು ಇಲ್ಲಿ ಕೈಕಟ್ಟಿ ನಿಲ್ಲಬೇಕಾಗಿ ಬಂದಾಗ ಅವರಿಗೆ ಎಷ್ಟು ನೋವಾಗುತ್ತಿತ್ತು ಎಂಬುದನ್ನು ಮುಖದಲ್ಲೇ ಓದಬಹುದಿತ್ತು. ಆದರೂ ಈ ನಿಯಮವನ್ನು ನಾನು ಯಾವತ್ತೂ ಸಡಿಲಿಸಲಿಲ್ಲ. ಪರವಾನಗಿ ಇಲ್ಲದವರು, ವೃತ್ತಿವಿಮೆ ಇಲ್ಲದವರು ರೋಗಿಯ ಮೇಲೆ ಕೈಯಿಟ್ಟು ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಹೊರುವವರು ಯಾರೂ ಇರುವುದಿಲ್ಲ. ರೋಗಿಯ ಮಂಚದ ಬಳಿ ನಿಂತ ಪ್ರತಿಯೊಬ್ಬರೂ ಯಾರದಾದರೂ ಹೊಣೆಯಲ್ಲಿ ಇರಲೇಬೇಕು.

ನಮ್ಮ ಕಡೆಯ ಮಕ್ಕಳು ಎಲೆಕ್ಟಿವ್‌ಗೆ ಬರುವುದು ಅಪರೂಪವಾಗಿತ್ತು. ಕಾಲೇಜು ಬಿಡುವು ಕೊಡುತ್ತಿರಲಿಲ್ಲ, ಇಂಥ ಪತ್ರಕ್ಕೆ ಸಹಿ ಹಾಕಿ ಅಭ್ಯಾಸವೂ ಇರಲಿಲ್ಲ. ‘ಈ ವಿದ್ಯಾರ್ಥಿ ನಮ್ಮ ಕಾಲೇಜಿನವರು, ಇವರ ಮೇಲೆ ಯಾವ ಶಿಸ್ತು ಕ್ರಮವೂ ಇಲ್ಲ’ ಎಂಬ ನಾಲ್ಕು ಸಾಲಿಗಾಗಿ ಪ್ರಿನ್ಸಿಪಾಲರ ಕಚೇರಿಗೆ ವಾರಗಟ್ಟಲೆ ಅಲೆಯಬೇಕಿತ್ತು. ಇಲ್ಲಿ ರಾತ್ರಿಯಾದಾಗ ಅಲ್ಲಿ ಕಚೇರಿ ತೆರೆಯುತ್ತದೆ. ಊಟ ಮುಗಿಸಿ ಅಡುಗೆಮನೆಯ ಫೋನಿನಿಂದ ನಾನೇ ಎಷ್ಟೋ ಸಲ ಕರೆ ಮಾಡುತ್ತಿದ್ದೆ. ಒಂದು ಕಾಲೇಜಿನ ಗುಮಾಸ್ತರಿಗೆ ನನ್ನ ದನಿಯೇ ಪರಿಚಯವಾಗಿಬಿಟ್ಟಿತ್ತು. “ಮೇಡಂ, ಹೋದ ಸಲದ ಥರಾನೇ ಟೈಪ್ ಮಾಡಿಸ್ಲಾ? ಸೀಲು ಸಹಿ ಮೇಲೆ ಬೀಳ್ಬೇಕಾ, ಪಕ್ಕದಲ್ಲಾ?” ಎಂದು ಕೇಳುವರು. ಅವರೊಬ್ಬರು ಆಸ್ಥೆಯಿಂದ ಮಾಡಿಕೊಟ್ಟಿದ್ದರಿಂದಲೇ ಆ ಕಾಲೇಜಿನ ಮಕ್ಕಳು ಬೇರೆಯವರಿಗಿಂತ ಮೊದಲು ಜಾಗ ಹಿಡಿದರು.

ಕಾಗದಪತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ದಿನ ತಿನ್ನುತ್ತಿದ್ದದ್ದು ಲಸಿಕೆಯ ದಾಖಲೆ. ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ದಡಾರ, ಮಂಗನಬಾವು, ರುಬೆಲ್ಲಾ, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ: ಇವಿಷ್ಟಕ್ಕೂ ಮೈಯಲ್ಲಿ ರಕ್ಷಣೆ ಇದೆ ಎಂಬುದಕ್ಕೆ ಆಸ್ಪತ್ರೆ ಪುರಾವೆ ಕೇಳುತ್ತದೆ. “ಆಂಟಿ, ಚಿಕ್ಕವಳಿದ್ದಾಗ ನಂಗೆ ಅಮ್ಮ ಆಗಿತ್ತು, ಅಜ್ಜಿ ಬೇವಿನಸೊಪ್ಪು ಹಾಸಿ ಮಲಗಿಸಿದ್ರು” ಎಂದರೆ ಸಾಲದು, ರಕ್ತಪರೀಕ್ಷೆಯ ವರದಿ ಬೇಕು. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಮಂಗನಬಾವಿನ ಲಸಿಕೆ ಇಲ್ಲ. ದಡಾರದ ಜೊತೆ ರುಬೆಲ್ಲಾ ಸೇರಿಸಿದ ಅಭಿಯಾನ ಕರ್ನಾಟಕದಲ್ಲಿ ಶುರುವಾದದ್ದೇ 2017ರಲ್ಲಿ. ಆದ್ದರಿಂದ ಎಷ್ಟೋ ಮಕ್ಕಳ ವರದಿಯಲ್ಲಿ ಮಂಗನಬಾವಿನ ಎದುರು ‘ಇಲ್ಲ’ ಎಂದೇ ಬರುತ್ತಿತ್ತು. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸು, ಮುಗಿಯುವುದಕ್ಕೆ ಆರು ತಿಂಗಳು. ಜೂನ್‌ಗೆ ಬರಬೇಕಾದವರು ಏಪ್ರಿಲ್‌ನಲ್ಲಿ ಎಚ್ಚೆತ್ತರೆ ಏನೂ ಮಾಡಲಾಗುವುದಿಲ್ಲ.

ಇನ್ನು ಕ್ಷಯ. ತೋಳಿನಲ್ಲಿ ಬಿಸಿಜಿ ಚುಚ್ಚಿಸಿಕೊಂಡ ಗುರುತಿರುವ ನಮ್ಮವರಿಗೆ ಚರ್ಮದ ಪರೀಕ್ಷೆ ಮಾಡಿದರೆ ಎರಡು ದಿನದಲ್ಲಿ ಅದು ಕೆಂಪಗೆ ಉಬ್ಬುವುದು ಸಾಮಾನ್ಯ. ಆಸ್ಪತ್ರೆಯ ಸಿಬ್ಬಂದಿ ಆರೋಗ್ಯ ವಿಭಾಗದವರು ಅದನ್ನು ನೋಡಿ ಗಾಬರಿಯಾಗಿ ಬ್ಯಾಡ್ಜ್ ತಡೆಹಿಡಿಯುತ್ತಿದ್ದರು. ಬಂದ ಮೊದಲ ವಾರವೇ ಹುಡುಗ ಮನೆಯಲ್ಲಿ ಕೂರಬೇಕು. ನಾಲ್ಕು ವಾರದಲ್ಲಿ ಒಂದು ವಾರ ಹೋಯಿತೆಂದರೆ ಕಾಲುಭಾಗ ಹೋಯಿತು. ಬಿಸಿಜಿಯಿಂದ ಏರುಪೇರಾಗದ ರಕ್ತಪರೀಕ್ಷೆ ಬಂದ ಮೇಲೆ, ಊರಿನಲ್ಲೇ ಅದನ್ನು ಮಾಡಿಸಿಕೊಂಡು, ಎದೆಯ ಎಕ್ಸ್‌ರೇ ವರದಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ವಿಮಾನ ಹತ್ತಿ ಎಂದು ನಾನು ಎಲ್ಲರಿಗೂ ಬರೆಯತೊಡಗಿದೆ. ವೈದ್ಯಳಲ್ಲದ ನಾನು ಇಡೀ ಕೆಲಸದಲ್ಲಿ ಕೊಟ್ಟ ಅತ್ಯಂತ ಉಪಯುಕ್ತ ಸಲಹೆ ಬಹುಶಃ ಇದೇ.

ವೀಸಾಕ್ಕೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಚೆನ್ನೈಗೆ ಹೋಗಬೇಕಿತ್ತು. ಅಲ್ಲಿ ಕಿಟಕಿಯ ಮುಂದೆ ಮಾತಾಡಲು ಸಿಗುವುದು ಕೆಲವೇ ನಿಮಿಷ. ವಾಪಸು ಹೋಗುವ ಉದ್ದೇಶ ಸಾಬೀತಾಗಲಿಲ್ಲ ಎಂದು 214(ಬಿ) ಕಲಮು ತೋರಿಸಿ ತಿರಸ್ಕರಿಸಿದರೆ ಅಲ್ಲಿಗೆ ಮುಗಿಯಿತು. ಇವರು ನೋಡಲು ಮಾತ್ರ ಬರುತ್ತಿದ್ದಾರೆ, ಚಿಕಿತ್ಸೆ ಕೊಡುವುದಿಲ್ಲ, ಸಂಬಳವಿಲ್ಲ, ಇಂಥ ದಿನ ಶುರು, ಇಂಥ ದಿನ ಕೊನೆ ಎಂದು ಆಮಂತ್ರಣ ಪತ್ರದಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೆ. ಪತ್ರ ಎಷ್ಟು ಚೆನ್ನಾಗಿದ್ದರೂ ಕೆಲವರಿಗೆ ಸಿಗುತ್ತಿರಲಿಲ್ಲ. ಖಾಲಿಯಾದ ಆ ತಿಂಗಳಿಗೆ ಇನ್ನೊಬ್ಬರನ್ನು ಕರೆಯುವಾಗ, ಬಾರದೆ ಹೋದವರ ಹೆಸರನ್ನು ಪಟ್ಟಿಯಿಂದ ಅಳಿಸಲು ನನಗೆ ಕೈ ಬರುತ್ತಿರಲಿಲ್ಲ. ಮುಂದಿನ ವರ್ಷದ ಪಟ್ಟಿಯ ಮೊದಲ ಸಾಲಿಗೆ ಬರೆದಿಡುತ್ತಿದ್ದೆ.

ಇಷ್ಟೆಲ್ಲ ಕಾಗದವನ್ನು ಯಾರಾದರೂ ಶ್ರದ್ಧೆಯಿಂದ ಕೂತರೆ ಹೊಂದಿಸಬಹುದು. ನಿಜವಾಗಿ ಕಷ್ಟವಾಗಿದ್ದದ್ದು ಒಪ್ಪುವ ವೈದ್ಯರನ್ನು ಹುಡುಕುವುದು. ದಿನಕ್ಕೆ ಇಪ್ಪತ್ತು ರೋಗಿಗಳನ್ನು ನೋಡಿ, ಕಂಪ್ಯೂಟರಿನಲ್ಲಿ ಟಿಪ್ಪಣಿ ಬರೆದು ಮುಗಿಸುವಷ್ಟರಲ್ಲಿ ಸಂಜೆ ಏಳಾಗುತ್ತದೆ. ಅದರ ನಡುವೆ ಗುರುತು ಪರಿಚಯವಿಲ್ಲದ ಒಬ್ಬರನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿ ಎಂದು ಯಾವ ಬಾಯಲ್ಲಿ ಕೇಳುವುದು? ನಾನು ಕೇಳಿದೆ. ಊಟದ ಹಾಲಿನಲ್ಲಿ, ಲಿಫ್ಟಿನ ಮುಂದೆ, ಇಲ್ಲಿನ ಪಂಪ ಕನ್ನಡ ಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ ಕೇಳಿದೆ. ಮೊದಲು ಹ್ಞೂಂ ಎಂದವರು ಮೈಸೂರಿನಲ್ಲಿ ಓದಿ ಎಪ್ಪತ್ತರ ದಶಕದಲ್ಲಿ ಬಂದ ಒಬ್ಬ ಹಿರಿಯರು. 1965ರ ವಲಸೆ ಕಾಯ್ದೆಯ ನಂತರ ಬಂದ ಆ ತಲೆಮಾರಿನ ಭಾರತೀಯ ವೈದ್ಯರಲ್ಲಿ ಎಷ್ಟೋ ಮಂದಿ ಊರ ನಡುವಿನ ಬಡ ಬಡಾವಣೆಗಳ ಆಸ್ಪತ್ರೆಗಳಲ್ಲಿ ದುಡಿದವರು. ಅವರು ಹೇಳಿದ್ದು ಇಷ್ಟೇ: “ನಾನು ಬಂದಾಗ ಇಲ್ಲಿ ಡಾಕ್ಟರು ಬೇಕಾಗಿದ್ರಮ್ಮ. ಯಾರೂ ನನ್ನನ್ನ ಬಾಗಿಲಲ್ಲಿ ನಿಲ್ಲಿಸಲಿಲ್ಲ. ಈಗಿನ ಮಕ್ಕಳು ನನಗಿಂತ ಜಾಸ್ತಿ ಓದಿಕೊಂಡಿದಾರೆ, ಅವರನ್ನ ಯಾಕೆ ನಿಲ್ಲಿಸ್ತೀರಿ? ಕಳಿಸಿ.” ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತಿದ್ದರು. ಇಬ್ಬರನ್ನು ಒಟ್ಟಿಗೆ ಕಳಿಸುತ್ತೇನೆಂದರೆ ಒಪ್ಪುತ್ತಿರಲಿಲ್ಲ. ಇಬ್ಬರಿದ್ದರೆ ಅವರವರೇ ಮಾತಾಡಿಕೊಂಡಿರುತ್ತಾರೆ, ನನಗೆ ಒಬ್ಬರೂ ಗೊತ್ತಾಗುವುದಿಲ್ಲ ಎನ್ನುವರು.

ಆ ಮಾತಿನ ಬೆಲೆ ನನಗೆ ಪತ್ರಗಳನ್ನು ಕಳಿಸುತ್ತ ಕಳಿಸುತ್ತ ಅರ್ಥವಾಯಿತು. ತಮ್ಮ ಬಗ್ಗೆ ಬರೆದ ಪತ್ರವನ್ನು ನೋಡುವ ಹಕ್ಕನ್ನು ಅಭ್ಯರ್ಥಿಗಳು ಸಾಮಾನ್ಯವಾಗಿ ಬಿಟ್ಟುಕೊಡುತ್ತಾರೆ. ವೈದ್ಯರು ಹೇಳಿದ್ದನ್ನು ಟೈಪು ಮಾಡಿ ಕಳಿಸುವವಳು ನಾನೇ ಆಗಿದ್ದರಿಂದ ಎಲ್ಲವೂ ನನ್ನ ಕಣ್ಣಿಗೆ ಬೀಳುತ್ತಿದ್ದವು. ‘ಶ್ರಮಜೀವಿ, ಸಮಯಪಾಲಕ, ಸೌಜನ್ಯಶೀಲ’ ಎಂಬ ಪತ್ರ ಯಾರಿಗೂ ಸಂದರ್ಶನ ಕೊಡಿಸಿದ್ದನ್ನು ನಾನು ಕಾಣೆ. ಒಂದು ಘಟನೆ ಇರುವ ಪತ್ರ ಕೊಡಿಸುತ್ತದೆ. ಚಿತ್ರದುರ್ಗದ ಕಡೆಯ ಒಬ್ಬ ಹುಡುಗಿ ಕ್ಲಿನಿಕ್ಕಿನಲ್ಲಿ ಆ ಹಿರಿಯರ ಜೊತೆಗಿದ್ದಳು. ಅವರು ಫೋನಿಗೆಂದು ಹೊರಗೆ ಹೋದಾಗ, ಸಕ್ಕರೆ ಕಾಯಿಲೆಯ ಒಬ್ಬಾಕೆ ತಾನಾಗಿಯೇ ಈ ಹುಡುಗಿಗೆ ಹೇಳಿದರಂತೆ, ಇನ್ಸುಲಿನ್ ದುಬಾರಿ, ತಿಂಗಳು ಪೂರ್ತಿ ಬರಲಿ ಎಂದು ಅರ್ಧರ್ಧ ಚುಚ್ಚಿಕೊಳ್ಳುತ್ತಿದ್ದೇನೆ ಎಂದು. ವೈದ್ಯರಿಗೆ ಹೇಳಲು ಆಕೆಗೆ ನಾಚಿಕೆ. ಹುಡುಗಿ ಆಕೆಯ ಒಪ್ಪಿಗೆ ಕೇಳಿ ವೈದ್ಯರಿಗೆ ತಿಳಿಸಿದಳು. ಸಕ್ಕರೆ ಯಾಕೆ ಇಳಿಯುತ್ತಿಲ್ಲ ಎಂದು ಅಷ್ಟು ದಿನ ತಲೆ ಕೆಡಿಸಿಕೊಂಡು ಡೋಸು ಏರಿಸುತ್ತಲೇ ಇದ್ದ ಅವರು ಆ ಪ್ರಸಂಗವನ್ನು ಹಾಗೆಯೇ ಪತ್ರದಲ್ಲಿ ಬರೆದರು. ಮುಟ್ಟದೆ, ಬರೆಯದೆ, ಬರೀ ನಿಂತಿದ್ದವಳು ಮಾಡಿದ ಕೆಲಸ ಅದು.

ಅವಳೇ ಒಂದು ಸಂಜೆ ನನ್ನ ಕಚೇರಿಗೆ ಬಂದು ಸುಮ್ಮನೆ ಕೂತಳು. ಅವತ್ತು ಕಾರು ಕಾರ್ಖಾನೆಯ ನಿವೃತ್ತ ಕಾರ್ಮಿಕರೊಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಹೇಳಬೇಕಾಗಿತ್ತು. ವೈದ್ಯರು ಕುರ್ಚಿ ಎಳೆದುಕೊಂಡು ಕೂತು, ನಿಮಗೆ ಎಷ್ಟರ ಮಟ್ಟಿಗೆ ತಿಳಿಯಬೇಕೆನಿಸುತ್ತದೆ ಎಂದು ಮೊದಲು ಕೇಳಿ, ಆಮೇಲೆ ಹೇಳಿದ್ದರು. “ಆಂಟಿ, ನಮ್ಮಲ್ಲಿ ಮಗನನ್ನ ಹೊರಗೆ ಕರೆದು ಹೇಳ್ತೀವಿ. ಪೇಷಂಟಿಗೆ ಹೇಳೋದೇ ಇಲ್ಲ. ಈ ತಾತ ಎಲ್ಲಾ ಕೇಳಿಸ್ಕೊಂಡು, ನನ್ನ ನಾಯಿನ ಯಾರು ನೋಡ್ಕೋತಾರೆ ಅಂದ್ರು” ಎಂದು ಅತ್ತಳು. ಯಾವ ಪದ್ಧತಿ ಸರಿ ಎಂದು ಹೇಳುವಷ್ಟು ಬಲ್ಲವಳಲ್ಲ ನಾನು. ನಮ್ಮ ಮನೆಗಳಲ್ಲಿ ಕಾಯಿಲೆ ಮನೆಯವರೆಲ್ಲರದ್ದು, ಅದರಲ್ಲೂ ಒಂದು ಕರುಣೆ ಇದೆ. ಆದರೆ ಆ ಮಾತುಕತೆಯನ್ನು ಅವಳು ಕಣ್ಣಾರೆ ನೋಡಿದ್ದು ದೊಡ್ಡದು. ಬಾಗಿಲು ತಟ್ಟಿ ಒಳಗೆ ಹೋಗುವುದು, ಹೆಸರು ಹೇಳಿಕೊಳ್ಳುವುದು, ಪರೀಕ್ಷೆಗೆ ಮೊದಲು ಹೊದಿಕೆ ಸರಿಸಲೇ ಎಂದು ಕೇಳುವುದು, ಇವನ್ನೆಲ್ಲ ಪುಸ್ತಕದಿಂದ ಕಲಿಯುವುದು ಕಷ್ಟ. ನಮ್ಮ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಅದಕ್ಕೆ ಸಮಯವೂ ಇರುವುದಿಲ್ಲ, ಅದು ಆ ಮಕ್ಕಳ ತಪ್ಪಲ್ಲ.

ಇನ್ನೊಂದು ತೊಡಕು ಮೌನ. ದೊಡ್ಡವರು ಕೇಳುವವರೆಗೆ ಬಾಯಿ ಬಿಡಬಾರದು ಎಂದು ಬೆಳೆದ ಹುಡುಗರು ರೌಂಡ್ಸಿನಲ್ಲಿ ಗೋಡೆಗೆ ಒರಗಿದಂತೆ ನಿಂತಿರುತ್ತಿದ್ದರು. ನಿನಗೇನನ್ನಿಸುತ್ತದೆ ಎಂದು ಇಲ್ಲಿನ ವೈದ್ಯರು ಕೇಳಿದರೆ ತಲೆ ತಗ್ಗಿಸುವರು. ಗೊತ್ತಿಲ್ಲವೆಂದಲ್ಲ, ಸರ್ ಮುಂದೆ ಹೇಗೆ ಹೇಳುವುದು ಎಂಬ ಸಂಕೋಚ. ದಿನಕ್ಕೊಂದು ಪ್ರಶ್ನೆಯನ್ನಾದರೂ ರೌಂಡ್ಸ್ ಮುಗಿದ ಮೇಲೆ ಕೇಳಲೇಬೇಕು ಎಂದು ನಾನು ಕಟ್ಟಪ್ಪಣೆ ಮಾಡುತ್ತಿದ್ದೆ.

ಇರಲು ಜಾಗವನ್ನು ಕನ್ನಡದವರು ಕೊಟ್ಟರು. ಎಷ್ಟೋ ಮನೆಗಳ ಬೇಸ್‌ಮೆಂಟಿನಲ್ಲಿ ಒಂದು ಮಂಚ ಬೇಸಿಗೆಯುದ್ದಕ್ಕೂ ಇವರಿಗೆಂದೇ ಹಾಸಿರುತ್ತಿತ್ತು, ಬೆಳಿಗ್ಗೆ ಆಸ್ಪತ್ರೆಗೆ ಬಿಡುವವರೊಬ್ಬರು, ಸಂಜೆ ಕರೆತರುವವರು ಇನ್ನೊಬ್ಬರು. ಕಾರಿಲ್ಲದೆ ಈ ಊರಿನಲ್ಲಿ ಬದುಕುವುದು ಎಷ್ಟು ಕಷ್ಟ ಎಂಬುದು ಇಲ್ಲಿದ್ದವರಿಗೇ ಗೊತ್ತು.

2004ರಿಂದ ಒಂದು ಅನುಕೂಲವಿತ್ತು. ಯುಎಸ್‌ಎಂಎಲ್‌ಇ ಪರೀಕ್ಷೆಗಳಲ್ಲಿ ಒಂದಾದ, ನಟರನ್ನು ರೋಗಿಗಳ ವೇಷದಲ್ಲಿ ಕೂರಿಸಿ ನಡೆಸುತ್ತಿದ್ದ ಸ್ಟೆಪ್ 2 ಸಿಎಸ್ ಎಂಬ ಪರೀಕ್ಷೆ ಅಮೆರಿಕದ ಐದೇ ಊರುಗಳಲ್ಲಿ ಇತ್ತು, ನಮಗೆ ಹತ್ತಿರದ್ದು ಷಿಕಾಗೊ. ಹೇಗೂ ಪರೀಕ್ಷೆಗೆ ಬಂದವರು ಅದೇ ಟಿಕೆಟ್ಟಿನಲ್ಲಿ ಅಬ್ಸರ್ವರ್‌ಶಿಪ್ಪನ್ನೂ ಮುಗಿಸಿ ಹೋಗುತ್ತಿದ್ದರು. 2020ರ ಮಾರ್ಚಿನಲ್ಲಿ ಡೆಟ್ರಾಯಿಟ್ ಮೇಲೆ ಕೋವಿಡ್ ಎರಗಿತು. ಹೊರಗಿನವರೆಲ್ಲರಿಗೂ ಬಾಗಿಲು ಮುಚ್ಚಿತು, ಪಟ್ಟಿಯಲ್ಲಿದ್ದ ಎಲ್ಲರಿಗೂ ಬರಬೇಡಿ ಎಂದು ಬರೆದೆ. ಆ ಪರೀಕ್ಷೆಯೂ ನಿಂತಿತು, 2021ರ ಜನವರಿಯಲ್ಲಿ ಅದನ್ನು ರದ್ದೇ ಮಾಡಿದರು. 2022ರ ಜನವರಿ ಕೊನೆಯಿಂದ ಅದೇ ಸರಣಿಯ ಮೊದಲ ಪರೀಕ್ಷೆಯಾದ ಸ್ಟೆಪ್ 1ಕ್ಕೆ ಅಂಕ ಕೊಡುವುದನ್ನೂ ಬಿಟ್ಟು ಪಾಸು ಫೇಲು ಮಾತ್ರ ಹೇಳತೊಡಗಿದರು. ಅಲ್ಲಿಯವರೆಗೆ ಬಡವರ ಮನೆಯ ಜಾಣ ಹುಡುಗನ ಕೈಯಲ್ಲಿ ಒಂದು ಆಯುಧವಿತ್ತು, ಅದು ಆ ಅಂಕ. ಅದು ಹೋದ ಮೇಲೆ ಪತ್ರದ ತೂಕ ಏರಿತು, ಜಾಗ ಕೊಡಿಸುವವರ ವ್ಯಾಪಾರವೂ ಏರಿತು.

ಈ ವ್ಯಾಪಾರದ ಬಗ್ಗೆ ನನಗೆ ಸಿಟ್ಟಿದೆ. ಹಿನ್ನೆಲೆ ತಪಾಸಣೆ, ಬ್ಯಾಡ್ಜ್, ವಿಮೆ ಇವಕ್ಕೆ ತಗಲುವ ಖರ್ಚನ್ನು ಆಸ್ಪತ್ರೆ ಕೇಳಿದರೆ ತಪ್ಪಿಲ್ಲ. ತಿಂಗಳಿಗೆ ಸಾವಿರಾರು ಡಾಲರ್ ಕೊಟ್ಟು ಜಾಗ ಕೊಳ್ಳುವುದು ಬೇರೆ. ತೀರ್ಥಹಳ್ಳಿ ಕಡೆಯ ಒಬ್ಬ ತಂದೆ ಅಡಿಕೆ ತೋಟದ ಮೇಲೆ ಸಾಲ ತೆಗೆದು ಮಗಳಿಗೆ ಇಂಥ ಒಂದು ಕಡೆ ಕಟ್ಟಿದ್ದರು. ಅವಳನ್ನು ಕಳಿಸಿದ ಕ್ಲಿನಿಕ್ಕಿಗೆ ವೈದ್ಯರು ಬರುತ್ತಿದ್ದದ್ದೇ ವಾರಕ್ಕೆ ಎರಡು ದಿನ, ಅಲ್ಲಿ ಇವಳ ಜೊತೆ ಇನ್ನೂ ಹಲವರು. ಕೊನೆಗೆ ಕೊಟ್ಟ ಪತ್ರದ ಪ್ರತಿಯನ್ನು ಅವಳು ನನಗೆ ತೋರಿಸಿದಳು. ಮೊದಲ ಸಾಲಿನಲ್ಲಿ ಅವಳ ಹೆಸರಿತ್ತು, ಮೂರನೆಯ ಸಾಲಿನಿಂದ ಅವಳು ‘ಅವನು’ ಆಗಿದ್ದಳು. ಬೇರೆ ಯಾರದೋ ಪತ್ರಕ್ಕೆ ಇವಳ ಹೆಸರು ಅಂಟಿಸಿದ್ದರು. ತಂದೆ ಫೋನಿನಲ್ಲಿ ಕೇಳಿದರು, “ಮೇಡಂ, ದುಡ್ಡು ಹೋದ್ರೆ ಹೋಗ್ಲಿ, ಆ ಕಾಗದ ನಡೆಯುತ್ತಾ ಹೇಳಿ.” ನಡೆಯುವುದಿಲ್ಲ ಎಂದು ಹೇಳಬೇಕಾಯಿತು. ಆ ಬೇಸಿಗೆ ಇನ್ನು ನಾಲ್ಕು ವಾರ ಉಳಿದಿದ್ದವು. ಮೈಸೂರಿನಲ್ಲಿ ಓದಿದ ಆ ಹಿರಿಯ ವೈದ್ಯರಿಗೆ ಫೋನು ಮಾಡಿದೆ. ಆಗ ಅವರು ಕ್ಲಿನಿಕ್ಕಿನ ದಿನಗಳನ್ನು ಕಡಿಮೆ ಮಾಡಿಕೊಂಡಿದ್ದರು, ಆದರೂ ಕಳಿಸಿ ಎಂದರು.

ಅವಳಿಗೆ ಆ ವರ್ಷ ಮ್ಯಾಚ್ ಆಗಲಿಲ್ಲ, ಮರುವರ್ಷ ಆಯಿತು. ಎಲ್ಲರಿಗೂ ಆಗುವುದಿಲ್ಲ. ಅಮೆರಿಕದ ಪೌರರಲ್ಲದ ಹೊರದೇಶದ ಪದವೀಧರರಲ್ಲಿ ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಸೀಟು ಸಿಗುತ್ತದೆ. ಉಳಿದವರು ಮತ್ತೆ ಪ್ರಯತ್ನಿಸುತ್ತಾರೆ, ಇಲ್ಲವೇ ಊರಿಗೆ ಮರಳಿ ನೀಟ್ ಪಿಜಿ ಬರೆಯುತ್ತಾರೆ. ಹಾಗೆ ಮರಳಿದವರಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ದುಡಿಯುತ್ತಿರುವವರ ಪತ್ರಗಳು ನನಗೆ ಈಗಲೂ ಬರುತ್ತವೆ. ಅವರ ಬೇಸಿಗೆ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ.

ಚಿತ್ರದುರ್ಗದ ಆ ಹುಡುಗಿ ಇಂಟರ್ನಲ್ ಮೆಡಿಸಿನ್ ಮುಗಿಸಿ ಈಗ ಉತ್ತರ ಮಿಷಿಗನ್ನಿನ ಒಂದು ಸಣ್ಣ ಊರಿನಲ್ಲಿದ್ದಾಳೆ. ಜೆ-1 ವೀಸಾದಲ್ಲಿ ತರಬೇತಿ ಪಡೆದವರು ಎರಡು ವರ್ಷ ತಾಯ್ನಾಡಿಗೆ ಹಿಂತಿರುಗಬೇಕು. ಇಲ್ಲೇ ಇರಬೇಕಾದರೆ ಒಂದು ದಾರಿ, ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಸೇವೆ ಮಾಡುವುದು. ಕಾನ್ರಾಡ್ 30 ಎಂಬ ಆ ಯೋಜನೆಯಲ್ಲಿ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಜಾಗ. ಅಲ್ಲಿ ಅವಳೇ ಈಗ ಬೇಸಿಗೆಯಲ್ಲಿ ಒಬ್ಬರನ್ನು ತನ್ನ ಜೊತೆ ನಿಲ್ಲಿಸಿಕೊಳ್ಳುತ್ತಾಳೆ. ಒಬ್ಬರನ್ನೇ. ದುಡ್ಡು ಕೇಳುವುದಿಲ್ಲ.

ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನನ್ನ ತೀರ್ಮಾನ ಒಂದೇ. ಆಸ್ಪತ್ರೆಯ ಹೆಸರು ದೊಡ್ಡದಿದ್ದರೂ ಅಲ್ಲಿ ನಿಮ್ಮನ್ನು ಗುರುತಿಟ್ಟು ನೋಡುವ ಒಬ್ಬ ವೈದ್ಯರು ಇಲ್ಲದಿದ್ದರೆ ಆ ನಾಲ್ಕು ವಾರ ಬರಿದು, ಅಂಥವರು ಇದ್ದರೆ ಎರಡು ಕೋಣೆಯ ಕ್ಲಿನಿಕ್ಕೂ ಸಾಕು. ಈ ಬರಹ ಓದುವ ವಿದ್ಯಾರ್ಥಿಗಳು ಲಸಿಕೆ ಮತ್ತು ಕಾಲೇಜಿನ ಪತ್ರದ ಕೆಲಸವನ್ನು ಒಂದು ವರ್ಷ ಮೊದಲೇ ಶುರುಮಾಡಲಿ, ತೋಟ ಅಡವಿಡುವ ಮುಂಚೆ ತಮ್ಮ ಕಾಲೇಜಿನಿಂದ ಇಲ್ಲಿಗೆ ಬಂದಿರುವ ಹಿರಿಯರಿಗೆ ನೇರವಾಗಿ ಬರೆಯಲಿ. ಅಮೆರಿಕದ ವೈದ್ಯರಲ್ಲಿ ಸುಮಾರು ನಾಲ್ವರಿಗೊಬ್ಬರು ಹೊರದೇಶದಲ್ಲಿ ಓದಿದವರು, ಅವರಲ್ಲಿ ಭಾರತದಲ್ಲಿ ಓದಿದವರೇ ಎಲ್ಲರಿಗಿಂತ ಹೆಚ್ಚು. ಮೈಸೂರು, ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ, ಬಳ್ಳಾರಿ, ಮಣಿಪಾಲದಲ್ಲಿ ಓದಿ ಇಲ್ಲಿ ನೆಲೆನಿಂತ ವೈದ್ಯರಲ್ಲಿ ನನ್ನದೊಂದು ಬೇಡಿಕೆ: ಜನವರಿಯೊಳಗೆ ನಿಮ್ಮ ಆಸ್ಪತ್ರೆಯ ವೈದ್ಯಕೀಯ ಶಿಕ್ಷಣ ಕಚೇರಿಗೆ ಹೋಗಿ, ಈ ಬೇಸಿಗೆ ನಾನೊಬ್ಬರನ್ನು ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಬನ್ನಿ. ಅಲ್ಲಿ ಕೂತಿರುವ ಗುಮಾಸ್ತೆ ಉಳಿದದ್ದನ್ನು ನೋಡಿಕೊಳ್ಳುತ್ತಾಳೆ.